ಹಸುವಿನ ಪ್ರಬಂಧ ಸಾಕು, ಹಸುವಿನ ಮಾಹಿತಿ ಬರೆಸಿ

ಹಸು ಒಂದು ಸಾಕು ಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಹಸುವಿಗೆ ಎರಡು ಕೊಂಬುಗಳಿವೆ. ಹಸು ಹಾಲು ಕೊಡುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಯಾವ ನಾಲ್ಕನೇ ತರಗತಿಯ ಕಾಪಿ ಪುಸ್ತಕ ತೆರೆದರೂ ಈ ಹಸು ಇದೇ ನಾಲ್ಕು ವಾಕ್ಯಗಳ ಮೇಲೆ ನಿಂತಿರುತ್ತದೆ. ಬರೆದ ಹುಡುಗಿ ಬೆಳಗ್ಗೆ ಕೊಟ್ಟಿಗೆ ಗುಡಿಸಿ, ಡೇರಿಗೆ ಹಾಲು ಹಾಕಿ, ಆಮೇಲೆ ಶಾಲೆಗೆ ಬಂದವಳಿರಬಹುದು. ಯಾವ ಹಸು ಒದೆಯುತ್ತದೆ, ಯಾವುದು ಹಿಂಡಿ ಇಡದಿದ್ದರೆ ಹಾಲು ಇಳಿಸುವುದಿಲ್ಲ, ಗಬ್ಬದ ಹಸುವನ್ನು ಎಂದಿನಿಂದ ಕರೆಯಬಾರದು ಎಲ್ಲವೂ ಅವಳಿಗೆ ಗೊತ್ತು. ಪುಸ್ತಕದಲ್ಲಿ ಅದೊಂದೂ ಇಲ್ಲ.

ಅವಳಿಗಿರುವುದು ವಾಕ್ಯಗಳ ಬಡತನ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಪ್ರಬಂಧದ ಚೌಕಟ್ಟನ್ನು ನಾವು ಕೊಟ್ಟಿದ್ದೇವೆ. ಮಾಹಿತಿಯನ್ನು ಹೊತ್ತು ನಡೆಯುವ ಕನ್ನಡವನ್ನು ಕೊಟ್ಟಿಲ್ಲ. ನಾಲ್ಕರಿಂದ ಏಳನೇ ತರಗತಿಯವರೆಗೆ ಕಲಿಸುವ ಮೇಷ್ಟ್ರು, ಮೇಡಂಗಳಿಗಾಗಿ ಕೆಲವು ಸೂತ್ರಗಳು ಇಲ್ಲಿವೆ. ಉದಾಹರಣೆಗೆ ಆ ಹಸುವನ್ನೇ ಇಟ್ಟುಕೊಂಡಿದ್ದೇನೆ. ಎಲ್ಲರೂ ನಗುವ ಪ್ರಬಂಧವನ್ನೇ ತಿದ್ದಿ ತೋರಿಸಿದರೆ ಮಕ್ಕಳಿಗೂ ಖುಷಿ.

1. ಎರಡು ಬರಹ ಎದುರಿಗಿಡಿ

ಒಂದು, ಪುಣ್ಯಕೋಟಿಯ ಕಥೆ. ಇನ್ನೊಂದು, ಹಸುವಿನ ಬಗ್ಗೆ ನೀವೇ ಬರೆದ ಹತ್ತು ಸಾಲಿನ ಮಾಹಿತಿ. ಎರಡನ್ನೂ ಓದಿಸಿ, ವ್ಯತ್ಯಾಸ ಹುಡುಕಲು ಹೇಳಿ. ಪುಣ್ಯಕೋಟಿ ಒಂದೇ ಒಂದು ಹಸು. ಆಕೆಗೆ ಹೆಸರಿದೆ, ಮಾತು ಬರುತ್ತದೆ, ನಡೆದದ್ದು ಒಂದು ಸಲ. ಇನ್ನೊಂದು ಬರಹದ ಹಸುವಿಗೆ ಹೆಸರಿಲ್ಲ; ಅಲ್ಲಿ ಹೇಳಿದ್ದು ಇಂದಿಗೂ ನಿಜ, ನಾಳೆಗೂ ನಿಜ, ಬೇಕಾದರೆ ಪಕ್ಕದ ಕೊಟ್ಟಿಗೆಗೆ ಹೋಗಿ ನೋಡಿ ಬರಬಹುದು. ‘ಪರೀಕ್ಷಿಸಿ ನೋಡಬಹುದೆ?’ ಎಂಬ ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಲಿ. ಮುಂದಿನ ಸೂತ್ರಗಳೆಲ್ಲ ಅದರ ಮೇಲೆಯೇ ನಿಲ್ಲುತ್ತವೆ.

ಓದಿಸಲು ಬೇರೆ ಮಾದರಿ ಬೇಕಿದ್ದರೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’ವಿದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳಿವೆ. ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಮಲಗಿರುವ ಪುಸ್ತಕಗಳಲ್ಲಿ ಹುಡುಕಿದರೆ ಒಂದಾದರೂ ಸಿಕ್ಕೀತು.

2. ಪೆನ್ಸಿಲ್‌ಗೆ ಮೊದಲು ಕಣ್ಣು

‘ಹಸುವಿಗೆ ಮೇಲಿನ ಸಾಲಿನಲ್ಲಿ ಮುಂಭಾಗದ ಹಲ್ಲು ಎಷ್ಟು?’ ಎಂದು ಕೇಳಿ. ಹತ್ತು ಎನ್ನುವವರೂ ಇರುತ್ತಾರೆ, ಮೂವತ್ತು ಎನ್ನುವವರೂ ಇರುತ್ತಾರೆ. ಸಾಧುವಾದ ಹಸುವಿನ ತುಟಿಯನ್ನು ಅದರ ಯಜಮಾನರಿಂದಲೇ ಎತ್ತಿಸಿ ತೋರಿಸಿ. ಮಕ್ಕಳು ಕೈಹಾಕುವುದು ಬೇಡ. ಕೆಳಗೆ ಮುಂಭಾಗದಲ್ಲಿ ಎಂಟು ಹಲ್ಲು. ಮೇಲೆ ಒಂದೂ ಇಲ್ಲ, ಬರೀ ಗಟ್ಟಿ ವಸಡು. ದಿನವೂ ನೋಡುವ ಪ್ರಾಣಿಯಲ್ಲಿ ಇಷ್ಟು ದೊಡ್ಡ ಸಂಗತಿ ಕಣ್ಣು ತಪ್ಪಿಸಿಕೊಂಡಿತ್ತು ಎಂದು ಗೊತ್ತಾದ ಮಗುವಿಗೆ ಬರೆಯಲು ಏನೋ ಒಂದು ಸಿಕ್ಕಿತು. ಪಟ್ಟಣದ ಶಾಲೆಯಾದರೆ ಗೋಡೆಯ ಹಲ್ಲಿ, ಕಿಟಕಿಯ ಕಾಗೆ ಆದೀತು.

3. ಮೊದಲ ವಾಕ್ಯ ಜಾತಿ ಹೇಳಲಿ, ಗುರುತೂ ಹೇಳಲಿ

‘ಹಸು ಒಂದು ಸಾಕು ಪ್ರಾಣಿ’ ಎಂಬುದರಲ್ಲಿ ತಪ್ಪೇನಿಲ್ಲ, ಆದರೆ ಅರ್ಧಕ್ಕೇ ನಿಂತಿದೆ. ‘ಹಸು’ ಎಂಬ ಪದವನ್ನು ಕೈಯಿಂದ ಮುಚ್ಚಿ, ‘ನಾಯಿ’ ಎಂದು ಓದಿಸಿ. ಸರಿಹೋಗುತ್ತದಲ್ಲ? ಹಾಗಾದರೆ ವಾಕ್ಯ ಇನ್ನೂ ಹಸುವಿನದಾಗಿಲ್ಲ. ‘ಹಸು ಮೆಲುಕು ಹಾಕುವ, ಸೀಳು ಗೊರಸಿನ ಸಾಕು ಪ್ರಾಣಿ’ ಎಂದರೆ ನಾಯಿ ಹೊರಗೆ ಹೋಯಿತು, ಮೇಕೆ ಉಳಿಯಿತು. ‘ಹಾಲಿಗೂ ದುಡಿಮೆಗೂ ಸಾಕುವ’ ಎಂದು ಸೇರಿಸಿದರೆ ಮೇಕೆಯೂ ಹೋಯಿತು. ಎಮ್ಮೆ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಅದನ್ನು ಓಡಿಸುವುದು ಹೇಗೆಂದು ಮಕ್ಕಳೇ ಜಗಳವಾಡಲಿ. ಬಣ್ಣವೇ, ಕೊಂಬಿನ ಆಕಾರವೇ, ಡುಬ್ಬವೇ? ನೀವು ಸುಮ್ಮನೆ ಕೇಳಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯ ವ್ಯಾಕರಣ ಪಾಠ ಆ ದಿನ ನಡೆಯಲಾರದು.

ಇನ್ನೊಂದು. ‘ಹಸುವು ಒಂದು ಸಸ್ತನಿಯಾಗಿದೆ’ ಎಂದು ಬರೆದರೆ ಕೊನೆಯ ‘ಆಗಿದೆ’ಯನ್ನು ಕತ್ತರಿಸಿ. ‘ಹಸು ಸಸ್ತನಿ.’ ಕ್ರಿಯಾಪದವಿಲ್ಲದೆ ನಿಲ್ಲುವ ಶಕ್ತಿ ಕನ್ನಡ ವಾಕ್ಯಕ್ಕಿದೆ.

4. ನಮ್ಮನೆ ಗೌರಿಯಿಂದ ಹಸುವಿನವರೆಗೆ

ಮಗು ಮೊದಲು ಬರೆಯುವುದು ತನ್ನ ಮನೆಯ ಗೌರಿಯ ಬಗ್ಗೆ: ‘ನಮ್ಮ ಗೌರಿ ನಿನ್ನೆ ಬಾಳೆಹಣ್ಣಿನ ಸಿಪ್ಪೆ ತಿಂದಿತು.’ ಅದನ್ನು ಹೊಡೆದುಹಾಕಬೇಡಿ, ಬೋರ್ಡಿನ ಎಡಕ್ಕೆ ಬರೆಯಿರಿ. ಬಲಕ್ಕೆ ಕೇಳಿ: ಲಕ್ಷ್ಮಿಯೂ ತಿನ್ನುತ್ತದಾ? ಪಕ್ಕದ ಮನೆಯದ್ದು? ಎಲ್ಲವೂ ತಿನ್ನುತ್ತವೆ ಎಂದಾದರೆ ಬಲಗಡೆ ‘ಹಸು ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತದೆ’ ಎಂಬ ವಾಕ್ಯ ಹುಟ್ಟಿತು. ಗೌರಿ ಒಬ್ಬಳೇ ತಿನ್ನುವುದಾದರೆ ಅದು ಎಡಕ್ಕೇ ಇರಲಿ, ಡೈರಿಗೆ ಹೋಗಲಿ.

ಕನ್ನಡದಲ್ಲಿ ಏಕವಚನವೇ ಇಡೀ ಜಾತಿಯನ್ನು ಹೇಳಬಲ್ಲದು. ‘ಹಸು ಮೆಲುಕು ಹಾಕುತ್ತದೆ’ ಎಂದರೆ ಲೋಕದ ಹಸುಗಳೆಲ್ಲ ಬಂದವು. ಬಹುವಚನವೂ ಸರಿಯೇ, ಆದರೆ ಹಿಡಿದದ್ದನ್ನು ಬಿಡಬಾರದು. ‘ಹಸುಗಳು ಹುಲ್ಲು ತಿನ್ನುತ್ತದೆ, ಅದು ನೀರು ಕುಡಿಯುತ್ತವೆ’ ಎಂಬಂಥ ವಾಕ್ಯ ಹೆಚ್ಚಿನ ಕಾಪಿ ಪುಸ್ತಕಗಳಲ್ಲಿ ಸಿಗುತ್ತದೆ. ಅದು–ತಿನ್ನುತ್ತದೆ, ಅವು–ತಿನ್ನುತ್ತವೆ, ಈ ಜೋಡಿಯನ್ನು ಗೋಡೆಗೆ ಅಂಟಿಸಿ.

5. ಕಾಲ ಕಾಯಿರಿ

ಮಾಹಿತಿ ಬರಹದ ಕ್ರಿಯಾಪದ ಯಾವಾಗಲೂ ನಡೆಯುವುದನ್ನು ಹೇಳುತ್ತದೆ: ತಿನ್ನುತ್ತದೆ, ಮಲಗುತ್ತದೆ, ಈಯುತ್ತದೆ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಎಡವುವುದು ನಿಷೇಧದಲ್ಲಿ. ‘ಹಸು ಮಾಂಸ ತಿನ್ನಲಿಲ್ಲ’ ಎಂದರೆ ಇಟ್ಟಿದ್ದೆವು, ಮುಟ್ಟಲಿಲ್ಲ ಎಂದಾಯಿತು. ಬೇಕಾದದ್ದು ‘ತಿನ್ನುವುದಿಲ್ಲ.’

ಭೂತಕಾಲಕ್ಕೆ ಬಾಗಿಲು ಮುಚ್ಚಿಲ್ಲ. ಇತಿಹಾಸದ ಸಾಲು ಬಂದಾಗ ಅದು ಬೇಕೇ ಬೇಕು: ‘ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ಈಗ ಆ ಹೆಸರು ಒಂದು ದನದ ತಳಿಗಿದೆ.’ ಎರಡು ವಾಕ್ಯ, ಎರಡು ಕಾಲ, ಎರಡಕ್ಕೂ ಕಾರಣವಿದೆ. ಐದನೆಯ ತರಗತಿಯವರಿಗೆ ಇದನ್ನು ತೋರಿಸಿದರೆ ಸಾಕು, ವಿವರಿಸಲೂ ಬೇಡ.

6. ಆಡುವ ಮಾತಿಗೆ ಬೈಯಬೇಡಿ

ತಿಂತೈತಿ, ತಿನ್ನುತ್ತೆ, ತಿಂತದೆ. ಮಗು ಹೇಗೆ ಹೇಳಿದರೂ ಮೊದಲು ಹೇಳಲಿ, ಆಮೇಲೆ ‘ಪುಸ್ತಕದಲ್ಲಿ ಹೇಗಿರುತ್ತದೆ?’ ಎಂದು ಕೇಳಿ. ಧಾರವಾಡದ ಮಗು ‘ಆಕಳು’ ಎಂದೇ ತಲೆಬರಹ ಕೊಡಲಿ. ಕ್ರಿಯಾಪದ ಬರವಣಿಗೆಗೆ ಹೊಂದಿದರೆ ಸಾಕು. ವಸ್ತುಗಳ ಹೆಸರು ಊರಿನದೇ ಇದ್ದರೆ ಬರಹಕ್ಕೆ ಕಸುವು.

7. ವಾಕ್ಯ ಹೊಲಿಯಲು ಕಲಿಸಿ

ಇದೊಂದು ಸೂತ್ರಕ್ಕೆ ಒಂದು ವಾರ ಕೊಡಿ. ಹಸುವಿನ ಪ್ರಬಂಧ ಕುಂಟುವುದು ಇಲ್ಲೇ. ನೋಡಿ:

‘ಹಸು ಹುಲ್ಲು ತಿನ್ನುತ್ತದೆ. ಹಸು ಹುಲ್ಲನ್ನು ಸರಿಯಾಗಿ ಅಗಿಯುವುದಿಲ್ಲ. ಹಸು ಅದನ್ನು ನುಂಗುತ್ತದೆ. ಆಮೇಲೆ ಹಸು ಅದನ್ನು ಬಾಯಿಗೆ ತರುತ್ತದೆ. ಹಸು ಅದನ್ನು ಮತ್ತೆ ಅಗಿಯುತ್ತದೆ.’

ಐದು ವಾಕ್ಯ, ಮೂರು ‘ಅದನ್ನು.’ ಮಾಹಿತಿ ಎಲ್ಲ ಸರಿ, ಓದಲು ಮಾತ್ರ ಜೀವ ಹೋಗುತ್ತದೆ. ಈಗ ಹೊಲಿಯೋಣ:

‘ಅರೆಬರೆ ಅಗಿದು ನುಂಗಿದ ಹುಲ್ಲನ್ನು ಹಸು ಆಮೇಲೆ ಬಾಯಿಗೆ ತಂದುಕೊಂಡು ಮತ್ತೆ ನುಣ್ಣಗೆ ಅಗಿಯುತ್ತದೆ.’

ಕೆಲಸ ಮಾಡಿದ್ದು ಕೃದಂತ. ಮಕ್ಕಳಿಗೆ ಆ ಹೆಸರು ಹೇಳುವ ಅಗತ್ಯ ಈಗಲೇ ಇಲ್ಲ. ಆಟವಾಡಿಸಿ: ಒಂದು ಕ್ರಿಯಾಪದ ಕೊಡಿ, ಮೂರು ರೂಪ ಕೇಳಿ. ನುಂಗು: ನುಂಗುವ, ನುಂಗಿದ, ನುಂಗದ. ಕೊಡು: ಕೊಡುವ, ಕೊಟ್ಟ, ಕೊಡದ. ಇರು ಎಂದಾಗ ಇರುವ, ಇದ್ದ ಎಂದು ಬೇಗ ಬರುತ್ತದೆ, ಇಲ್ಲದ ಎನ್ನುವಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ಆಮೇಲೆ ಪ್ರತಿ ರೂಪದ ಮುಂದೆ ಒಂದು ನಾಮಪದ: ಮೆಲುಕು ಹಾಕುವ ಪ್ರಾಣಿ, ಈದ ಹಸು, ಕೊಂಬಿಲ್ಲದ ಕರು. ಕಾಗದದ ಪಟ್ಟಿಗಳ ಮೇಲೆ ಬರೆದು ಕತ್ತರಿಸಿ ಜೋಡಿಸಲು ಕೊಟ್ಟರೆ ಗುಂಪಿನಲ್ಲಿ ಹಿಂದೆ ಕೂರುವ ಮಕ್ಕಳೂ ಮುಂದೆ ಬರುತ್ತಾರೆ.

ಇಂಗ್ಲಿಷ್ ಪಾಠದ ನೆರಳು ಬಿದ್ದ ಮಕ್ಕಳು ‘ಯಾವ ಹುಲ್ಲನ್ನು ಹಸು ನುಂಗುತ್ತದೆಯೋ ಆ ಹುಲ್ಲನ್ನು’ ಎಂದು ಸುತ್ತು ಹಾಕುತ್ತಾರೆ. ‘ಹಸು ನುಂಗಿದ ಹುಲ್ಲನ್ನು’ ಎಂದು ಎರಡು ಹೆಜ್ಜೆಯಲ್ಲಿ ಮುಗಿಸಬಹುದಲ್ಲ ಎಂದು ತೋರಿಸಿ.

ಹೊಲಿಗೆ ಕಲಿತ ಮೇಲೆ ಎಲ್ಲವನ್ನೂ ಹೊಲಿದುಬಿಡುವ ಉತ್ಸಾಹವೂ ಬರುತ್ತದೆ. ಒಂದು ನಾಮಪದದ ಮುಂದೆ ಎರಡಕ್ಕಿಂತ ಹೆಚ್ಚು ಕೃದಂತ ಬೇಡ ಎಂಬ ಮಿತಿ ಹಾಕಿ. ಉದ್ದ ವಾಕ್ಯದ ಪಕ್ಕ ಒಂದು ಗಿಡ್ಡ ವಾಕ್ಯ ಇರಲಿ.

8. ‘ಸಾಕಲ್ಪಡುತ್ತದೆ’ಯನ್ನು ಗಡೀಪಾರು ಮಾಡಿ

ಇಂಗ್ಲಿಷಿನಲ್ಲಿ ವರದಿ ಬರವಣಿಗೆ ಕಲಿಸುವ ಕೈಪಿಡಿಗಳು ಕರ್ಮಣಿ ಪ್ರಯೋಗವನ್ನು ಒಂದು ಲಕ್ಷಣವೆಂದು ಪಟ್ಟಿ ಮಾಡುತ್ತವೆ. ಆ ಭಾಷೆಗೆ ಅದು ಸಹಜ. ಅದನ್ನು ಹಾಗೆಯೇ ಎತ್ತಿಕೊಂಡು ಬಂದು ‘ಹಸುವು ರೈತರಿಂದ ಸಾಕಲ್ಪಡುತ್ತದೆ’ ಎಂದು ಬರೆಸುವುದು ಕನ್ನಡಕ್ಕೂ ಅನ್ಯಾಯ, ಹಸುವಿಗೂ ಅನ್ಯಾಯ. ‘ಹಸುವನ್ನು ಹಾಲಿಗಾಗಿ ಸಾಕುತ್ತಾರೆ.’ ಯಾರು ಎಂದು ಹೇಳದೆಯೂ ಅರ್ಥವಾಗುತ್ತದೆ, ಬರಹದ ಗಾಂಭೀರ್ಯವೂ ಕೆಡುವುದಿಲ್ಲ. ಪಠ್ಯಪುಸ್ತಕದಲ್ಲೇ ‘ಅಲ್ಪಡು’ ಕಂಡರೆ ಮಕ್ಕಳಿಂದಲೇ ತಿದ್ದಿಸಿ. ಅಚ್ಚಾದದ್ದನ್ನು ತಿದ್ದುವ ಸಂತೋಷ ಅವರಿಗೆ ಬಹಳ.

9. ‘ಸುಂದರ’ ಬಂದಲ್ಲಿ ಟೇಪು ಹಿಡಿಯಿರಿ

ಸುಂದರವಾದ, ಮುದ್ದಾದ, ತುಂಬಾ ದೊಡ್ಡ. ಈ ಪದಗಳ ಕೆಳಗೆ ಗೆರೆ ಎಳೆದು, ‘ಎಷ್ಟು? ಯಾವ ಬಣ್ಣ? ಯಾವುದಕ್ಕಿಂತ?’ ಎಂದು ಕೇಳಿ. ಟೈಲರ್ ಟೇಪು ತರಿಸಿ. ಮಕ್ಕಳು ಮೊದಲು ಗೇಣಿನಲ್ಲಿ ಅಳೆಯಲಿ. ಒಬ್ಬರಿಗೆ ಐದು ಗೇಣು, ಇನ್ನೊಬ್ಬರಿಗೆ ಆರೂವರೆ ಬಂದಾಗ ಸೆಂಟಿಮೀಟರ್ ಏಕೆ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

‘-ಗಿಂತ’ ಪ್ರತ್ಯಯ ಇಲ್ಲಿ ದೊಡ್ಡ ಆಸ್ತಿ. ‘ಮಲೆನಾಡು ಗಿಡ್ಡ ಹಳ್ಳಿಕಾರ್‌ಗಿಂತ ಕುಳ್ಳು.’ ಒಂದೇ ಸಾಲಿನಲ್ಲಿ ಎರಡು ತಳಿ, ಒಂದು ಅಳತೆ. ಕರ್ನಾಟಕದ ತಳಿಗಳ ಹೆಸರು ಬರೆಸಲೂ ಇದೇ ಸಮಯ: ಅಮೃತಮಹಲ್, ಹಳ್ಳಿಕಾರ್, ಖಿಲಾರಿ, ದೇವಣಿ, ಕೃಷ್ಣಾ ವ್ಯಾಲಿ, ಮಲೆನಾಡು ಗಿಡ್ಡ. ಅಂಚೆ ಇಲಾಖೆ 2000ರಲ್ಲಿ ಹಳ್ಳಿಕಾರ್ ಚಿತ್ರದ ಅಂಚೆಚೀಟಿ ತಂದಿತ್ತು ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

10. ಕಸುಬಿನ ಮಾತು ಹುಡುಕಲು ಅಜ್ಜನ ಹತ್ತಿರ ಕಳಿಸಿ

ಪಾರಿಭಾಷಿಕ ಪದ ಎಂದೊಡನೆ ನಮಗೆ ಸಸ್ತನಿ, ಸಸ್ಯಾಹಾರಿ, ಜಠರ ಎಂಬ ಪಠ್ಯದ ಪದಗಳೇ ನೆನಪಾಗುತ್ತವೆ. ಅವು ಬೇಕು. ಅಷ್ಟೇ ಖಚಿತವಾದ ಪದಗಳು ಮನೆಯಲ್ಲೂ ಇವೆ: ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು, ಬೆನ್ನ ಮೇಲಿನ ಡುಬ್ಬ, ಕೆಚ್ಚಲು, ಗೊರಸು, ಕಡಸು, ಗಬ್ಬ, ಗಿಣ್ಣು. ‘ತಾತ, ಇದಕ್ಕೇನಂತಾರೆ?’ ಎಂದು ಕೇಳಿಕೊಂಡು ಬರುವುದೇ ಮನೆಗೆಲಸ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆ ನೋಡಿದ ಅಜ್ಜ ಸಿಕ್ಕರಂತೂ ವಯಸ್ಸು ಹೇಳುವ ಬಗೆಯನ್ನೇ ಕಲಿಸಿಯಾರು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಕಾಯಂ ಹಲ್ಲು ಬರುವುದು ಸುಮಾರು ಎರಡು ವರ್ಷಕ್ಕೆ. ಎಂಟೂ ಬಂದು ಬಾಯಿಗೂಡಲು ನಾಲ್ಕೈದು ವರ್ಷ ಬೇಕು. ಎರಡನೆಯ ಸೂತ್ರದಲ್ಲಿ ಎಣಿಸಿದ ಎಂಟು ಹಲ್ಲು ಈಗ ಕೆಲಸಕ್ಕೆ ಬಂತು.

ಹೊಸ ಪದವನ್ನು ಬರಹದಲ್ಲಿ ಇಳಿಸುವುದಕ್ಕೂ ಒಂದು ಅಚ್ಚು ಇದೆ: ‘ಇನ್ನೂ ಈಯದ ಹಸುವನ್ನು ಕಡಸು ಎನ್ನುತ್ತಾರೆ.’ ‘ಕರು ಹಾಕಿದ ಮೊದಲ ದಿನಗಳ ಗಟ್ಟಿ ಹಾಲನ್ನು ಗಿಣ್ಣು ಎನ್ನುತ್ತಾರೆ.’ ವಿವರ ಮೊದಲು, ಪದ ಆಮೇಲೆ, ‘ಎನ್ನುತ್ತಾರೆ’ ಕೊನೆಗೆ. ಐದು ಪದಕ್ಕೆ ಐದು ವಾಕ್ಯ ಬರೆಸಿದರೆ ಈ ಅಚ್ಚು ಕೈಗೆ ಕೂರುತ್ತದೆ, ಏಳನೆಯ ತರಗತಿಯ ವಿಜ್ಞಾನದ ಉತ್ತರಗಳಿಗೂ ಇದೇ ಒದಗುತ್ತದೆ.

11. ‘ಎಲ್ಲ’ ಎನ್ನುವ ಮೊದಲು ಒಮ್ಮೆ ತಿರುಗಿ ನೋಡಲಿ

‘ಹಸುವಿಗೆ ಎರಡು ಕೊಂಬುಗಳಿವೆ.’ ಕರುವಾಗಿದ್ದಾಗಲೇ ಕೊಂಬು ಸುಡಿಸಿದ ಸೀಮೆಹಸುವಿಗೆ? ಇಲ್ಲಿ ಬೇಕಾದದ್ದು ‘ಸಾಮಾನ್ಯವಾಗಿ’, ‘ಹೆಚ್ಚಿನ’, ‘ಬಹುತೇಕ’, ‘ಸುಮಾರು’ ಎಂಬ ಪದಗಳು. ‘ಹಸು ಸುಮಾರು ಒಂಬತ್ತು ತಿಂಗಳು ಗಬ್ಬವಿರುತ್ತದೆ.’ ‘ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕರು ಹಾಕುತ್ತದೆ.’ ಅವಳಿ ಕರು ಕಂಡ ಹುಡುಗ ಕೈ ಎತ್ತಿದರೂ ವಾಕ್ಯ ಬೀಳುವುದಿಲ್ಲ.

ಆದರೆ ‘ಹಸು ಸಾಮಾನ್ಯವಾಗಿ ಮೆಲುಕು ಹಾಕುತ್ತದೆ’ ಎಂದು ಬರೆದರೆ ನಕ್ಕುಬಿಡಿ. ಅನುಮಾನವಿಲ್ಲದ ಕಡೆ ಅನುಮಾನ ಬೇಡ.

12. ಕಾರಣದ ಕೊಂಡಿ, ಗೊತ್ತಿದ್ದರೆ ಮಾತ್ರ

ಆದ್ದರಿಂದ, ಏಕೆಂದರೆ, ಇರುವುದರಿಂದ. ‘ಮೇಲ್ಗಡೆ ಮುಂಭಾಗದಲ್ಲಿ ಹಲ್ಲಿಲ್ಲದಿರುವುದರಿಂದ ಹಸು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು ಕೀಳುತ್ತದೆ.’ ಇದು ನೋಡಿದ್ದು, ಜೋಡಿಸಿದ್ದು. ‘ಹಸು ಸಾಧು ಪ್ರಾಣಿಯಾದ್ದರಿಂದ ಹಾಲು ಕೊಡುತ್ತದೆ’ ಎಂಬುದು ಕೇಳಲು ಚೆಂದ, ಕಾರಣ ಮಾತ್ರ ಸುಳ್ಳು. ‘ಹೇಗೆ ಗೊತ್ತು?’ ಎಂದು ಮೆತ್ತಗೆ ಕೇಳಿ.

13. ಚೀಟಿ ಹಂಚಿ, ಉಪಶೀರ್ಷಿಕೆ ಕಟ್ಟಿಸಿ

ಒಂದು ಚೀಟಿಯಲ್ಲಿ ಒಂದೇ ಸಂಗತಿ. ನಲವತ್ತು ಚೀಟಿಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡಿಸಿ. ದೇಹ, ಆಹಾರ, ಕರು, ತಳಿಗಳು, ಉಪಯೋಗ. ಗುಂಪಿಗೆ ಹೆಸರಿಟ್ಟರೆ ಅದೇ ಉಪಶೀರ್ಷಿಕೆ. ಯಾವ ಗುಂಪಿಗೂ ಸೇರದ ಚೀಟಿ ಉಳಿದರೆ ಅದನ್ನು ಎಸೆಯುವ ಧೈರ್ಯವೂ ಕಲಿಯಬೇಕಾದದ್ದೇ.

14. ಮೊದಲ ಬರಹ ಎಲ್ಲರದೂ ಆಗಿರಲಿ

ಮಾದರಿ ಓದಿಸಿದಿರಿ, ಸಂಗತಿ ಕೂಡಿಸಿದಿರಿ, ‘ಈಗ ನೀವೇ ಬರೆಯಿರಿ’ ಎಂದು ಕೈಬಿಟ್ಟರೆ ಮಗು ಮತ್ತೆ ನಾಲ್ಕು ಕಾಲಿನ ಹಸುವಿಗೇ ಮರಳುತ್ತದೆ. ನಡುವೆ ಒಂದು ಮೆಟ್ಟಿಲು ಬೇಕು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1980ರ ದಶಕದಲ್ಲಿ ಭಾಷಾವಿಜ್ಞಾನಿ ಜೆ.ಆರ್. ಮಾರ್ಟಿನ್, ಜೋನ್ ರಾದರಿ ಮತ್ತು ಅವರ ಜೊತೆಗಾರರು ಶಾಲಾ ಬರವಣಿಗೆಯ ಬಗೆಗಳನ್ನು ಅಭ್ಯಾಸ ಮಾಡಿ ರೂಪಿಸಿದ ಕ್ರಮದಲ್ಲಿ ಈ ಮೆಟ್ಟಿಲೇ ಮುಖ್ಯ: ಮಾದರಿಯನ್ನು ಬಿಡಿಸಿ ನೋಡುವುದು, ಆಮೇಲೆ ಶಿಕ್ಷಕರೂ ಮಕ್ಕಳೂ ಕೂಡಿ ಬರೆಯುವುದು, ಕೊನೆಗೆ ಒಬ್ಬೊಬ್ಬರೇ ಬರೆಯುವುದು. ಮಕ್ಕಳು ಹೇಳಲಿ, ನೀವು ಬೋರ್ಡಿನ ಮೇಲೆ ಬರೆಯಿರಿ, ಅಳಿಸಿ, ಇನ್ನೊಮ್ಮೆ ಬರೆಯಿರಿ. ‘ಮಿಸ್, ಇದು ನಾಯಿಗೂ ಆಗುತ್ತೆ!’ ಎಂದು ಹಿಂದಿನ ಬೆಂಚಿನಿಂದ ಕೂಗು ಬಂದರೆ ಪಾಠ ತಲುಪಿದೆ.

15. ಉಪಸಂಹಾರಕ್ಕೆ ರಜೆ ಕೊಡಿ

‘ಆದ್ದರಿಂದ ನಾವೆಲ್ಲರೂ ಹಸುವನ್ನು ಪ್ರೀತಿಸಬೇಕು.’ ಈ ಸಾಲು ಬರೆಯದಿದ್ದರೆ ಅಂಕ ಹೋಗುತ್ತದೆಂಬ ಭಯ ಮಕ್ಕಳಿಗಿದೆ, ಭಯ ಹುಟ್ಟಿಸಿದವರು ನಾವು. ಮಾಹಿತಿ ಬರಹ ಕೊನೆಯ ಉಪಶೀರ್ಷಿಕೆಯ ಕೊನೆಯ ಸಂಗತಿಗೆ ನಿಲ್ಲಬಹುದು. ಅಂಕ ಕಡಿತವಿಲ್ಲ ಎಂದು ಮೊದಲೇ ಹೇಳಿಬಿಡಿ.

16. ಕೆಂಪು ಪೆನ್ನಿಗೂ ಸರದಿ ಇರಲಿ

ಒಂದು ವಾರ ಮೊದಲ ವಾಕ್ಯವನ್ನಷ್ಟೇ ತಿದ್ದಿ. ಮುಂದಿನ ವಾರ ಕ್ರಿಯಾಪದಗಳನ್ನಷ್ಟೇ. ಕಾಗುಣಿತ, ಒತ್ತಕ್ಷರ, ಪೂರ್ಣವಿರಾಮ, ಕಾಲ ಎಲ್ಲದಕ್ಕೂ ಒಂದೇ ದಿನ ಕೆಂಪು ಬಿದ್ದರೆ ಮಗು ಯಾವುದನ್ನೂ ನೋಡುವುದಿಲ್ಲ. ಸಿದ್ಧವಾದ ಬರಹಕ್ಕೆ ನಿಜವಾದ ಓದುಗರೂ ಬೇಕು. ಮೂರನೆಯ ತರಗತಿಯ ನಲಿ-ಕಲಿ ಮಕ್ಕಳಿಗೆ ಓದಲು ಕೊಟ್ಟು, ಮೂರು ಪ್ರಶ್ನೆ ಕೇಳಿಸಿ. ಅವರಿಗೆ ಉತ್ತರ ಸಿಗದ ಕಡೆ ಬರೆದವರೇ ತಿದ್ದಲಿ.

17. ಮುಂದಿನದು ಎಮ್ಮೆ ಬೇಡ

ಎಮ್ಮೆ ಕೊಟ್ಟರೆ ಹೆಸರು ಬದಲಿಸಿ ಅದೇ ಬರಹ ಬರುತ್ತದೆ. ಕಾಲಿಲ್ಲದ, ಕೊಂಬಿಲ್ಲದ ವಿಷಯ ಕೊಡಿ: ಊರ ಕೆರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು ಎಂಬ ಪದಗಳು ಸಿದ್ಧವಾಗಿವೆ, ನೀರುಗಂಟಿ ಇದ್ದ ಊರಾದರೆ ಹೇಳುವವರೂ ಇದ್ದಾರೆ. ಅಚ್ಚುಗಳು ಹಳೆಯವೇ: ‘ಕೆರೆಯ ನೀರಿನಿಂದ ಬೆಳೆ ಬೆಳೆಯುವ ಜಮೀನನ್ನು ಅಚ್ಚುಕಟ್ಟು ಎನ್ನುತ್ತಾರೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯ ಮೂಲಕ ಹೊರಗೆ ಹರಿಯುತ್ತದೆ.’ ಕೃದಂತ ಬಂತು, ಕಾಲ ಸರಿಯಿದೆ, ‘ಎನ್ನುತ್ತಾರೆ’ ತನ್ನ ಜಾಗದಲ್ಲಿದೆ. ಕೆರೆಗೆ ಹೋಗುವಾಗ ಟೇಪಿನ ಬದಲು ಉದ್ದನೆಯ ಹಗ್ಗ ತೆಗೆದುಕೊಂಡು ಹೋಗಿ, ಅದಕ್ಕೆ ಒಂದೊಂದು ಮೀಟರಿಗೂ ಗಂಟು ಹಾಕಿಸಿ ಏರಿಯನ್ನು ಅಳೆಯಿಸಿ. ನೀರಿನ ಅಂಚಿಗೆ ಮಾತ್ರ ಯಾರನ್ನೂ ಬಿಡಬೇಡಿ.